ನಲವತ್ತೊಂದು ನಿಮಿಷ

ಆ ಪಟ್ಟಿಯನ್ನು ಚೆಸ್ ಪಂದ್ಯಾವಳಿಗಳಿಗೆ ತಂದದ್ದು ಕಳ್ಳರನ್ನು ಹಿಡಿಯುವುದಕ್ಕೆ. ಕಿವಿಯೊಳಗೋ ಬೂಟಿನೊಳಗೋ ಸಣ್ಣ ಯಂತ್ರ ಅಡಗಿಸಿಟ್ಟುಕೊಂಡು ಕಂಪ್ಯೂಟರಿನಿಂದ ನಡೆ ಹೇಳಿಸಿಕೊಳ್ಳುವವರು ಹೆಚ್ಚಾದಾಗ, ರೇಟಿಂಗ್ ಇರುವ ಪ್ರತಿಯೊಬ್ಬ ಆಟಗಾರನೂ ಹಣೆಗೆ ಒಂದು ಬಟ್ಟೆಯ ಪಟ್ಟಿ ಕಟ್ಟಿಕೊಂಡೇ ಆಡಬೇಕೆಂಬ ನಿಯಮ ಬಂತು. ಪಟ್ಟಿಯ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಸಂವೇದಕಗಳು. ತಾನೇ ಯೋಚಿಸಿ ಕಂಡುಕೊಂಡ ನಡೆಗೂ, ಬೇರೆ ಯಾರೋ ಹೇಳಿಕೊಟ್ಟ ನಡೆಗೂ ಮಿದುಳಿನಲ್ಲಿ ಏಳುವ ಅಲೆಗಳು ಬೇರೆ ಬೇರೆ. ಪಟ್ಟಿ ಆ ಅಲೆಗಳನ್ನು ಬರೆದುಕೊಳ್ಳುತ್ತದೆ, ಅಷ್ಟೇ. ಬರೆದದ್ದು ಬೀಗ ಹಾಕಿದ ಕಡತಕ್ಕೆ ಸೇರುತ್ತದೆ. ಯಾರ ಮೇಲಾದರೂ ದೂರು ಬಂದರೆ, ಇಲ್ಲವೇ ಆಟಗಾರನೋ ಅವನ ಮನೆಯವರೋ ಒಪ್ಪಿಗೆ ಕೊಟ್ಟರೆ ಮಾತ್ರ ಅದನ್ನು ತೆರೆಯುತ್ತಾರೆ. ಆಟ ನಡೆಯುತ್ತಿರುವಾಗ ಒಬ್ಬನ ತಲೆಯೊಳಗೆ ಇನ್ನೊಬ್ಬ ಇಣುಕಬಾರದೆಂದು ಆಟಗಾರರೇ ಹಟ ಹಿಡಿದು ಮಾಡಿಸಿಕೊಂಡ ನಿಯಮವದು. ಅದಕ್ಕಾಗಿ ಬರೆದ ಮನವಿಯಲ್ಲಿ ನನ್ನ ಅಣ್ಣ ಗುರುಪಾದನ ಸಹಿಯೂ ಇತ್ತು.

ಹಾಗಾಗಿ ಅಣ್ಣನ ಕೊನೆಯ ಆಟದ ದಿನ ಅವನ ಹಣೆಯ ಪಟ್ಟಿ ಎಲ್ಲವನ್ನೂ ಬರೆದುಕೊಂಡಿತು. ಆದರೆ ಅದನ್ನು ಓದುವವರು ಯಾರೂ ಇರಲಿಲ್ಲ.

ಅಣ್ಣ ಮತ್ತು ಅವನ ಹೆಂಡತಿ ದಾಕ್ಷಾಯಣಿ ವೈನಿ ಇಬ್ಬರೂ ಚೆಸ್ ಆಡಿಯೇ ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರಿ ಹಿಡಿದವರು. ಅಣ್ಣ ಟಿಕೆಟ್ ತಪಾಸಣೆಯಲ್ಲಿ, ವೈನಿ ರಿಸರ್ವೇಶನ್ ಕೌಂಟರಿನಲ್ಲಿ. ಅಣ್ಣನ ರೇಟಿಂಗ್ ಎರಡು ಸಾವಿರದ ನೂರ ಎಂಬತ್ತೇಳು, ವೈನಿಯದು ಅದಕ್ಕಿಂತ ನೂರರಷ್ಟು ಕಡಿಮೆ. ಅವರ ಕ್ವಾರ್ಟರ್ಸಿನ ನಡುಮನೆಯಲ್ಲಿ ಸದಾ ಒಂದು ಹಲಗೆ ಹಾಸಿಯೇ ಇರುತ್ತಿತ್ತು. ಹಲಗೆಯ ಮುಂದೆ ಯಾರಾದರೂ ಯೋಚಿಸುತ್ತ ಕೂತಿದ್ದರೆ ಅವರನ್ನು ಮಾತಾಡಿಸಬಾರದು, ಇದು ಆ ಮನೆಯ ಕಟ್ಟಳೆ. ಅನ್ನ ಸೀದು ವಾಸನೆ ಬಂದರೂ, ಬಾಗಿಲು ಬಡಿದರೂ ಅಷ್ಟೆ. ನಮ್ಮವ್ವ ಬಂದಾಗೆಲ್ಲ ಇದನ್ನು ಮೂಕರ ಮನೆ ಅನ್ನುತ್ತಿದ್ದಳು. ನನಗೆ ಮಾತ್ರ ಆ ಮನೆಯ ಮೌನ ಇಷ್ಟವಾಗುತ್ತಿತ್ತು. ನಾನು ಎಂ.ಎಸ್ಸಿ. ಓದುವಾಗ ಎರಡು ವರ್ಷ ಅಲ್ಲೇ ಇದ್ದೆ. ಇಬ್ಬರ ನಡುವೆ ಒಂದು ಗಂಟೆ ಒಂದೂ ಮಾತಿಲ್ಲದೆ ಕಳೆದರೂ ಯಾರೂ ಯಾರ ಮೇಲೂ ಸಿಟ್ಟಾಗಿಲ್ಲ ಎಂದು ತಿಳಿಯುವುದರಲ್ಲಿ ಎಂಥದೋ ಭದ್ರತೆ ಇತ್ತು. ಆಟ ಮುಗಿದ ಮೇಲೆ ಮಾತ್ರ ಬಾಯಿ ಬಿಚ್ಚುತ್ತಿದ್ದರು. ವೈನಿ ಆಡುವುದು ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಿದ ಹಾಗೆ ಎಂದು ಅಣ್ಣ ಕಾಡಿಸುತ್ತಿದ್ದ. ಹಂಗಾದರೂ ಕೊಳ್ಳುತ್ತೇನಲ್ಲ, ನಿಮ್ಮ ಹಾಗೆ ಕೈಚೀಲ ಹಿಡಿದು ಸಂತೆ ಮುಗಿಯುವ ತನಕ ನಿಲ್ಲುವುದಿಲ್ಲ ಎಂದು ವೈನಿ ತಿರುಗಿಸುತ್ತಿದ್ದರು.

ಪಂದ್ಯಾವಳಿಗಳಲ್ಲಿ ಅವರಿಬ್ಬರೂ ಎದುರಾದದ್ದು ಹನ್ನೊಂದು ಸಲ. ಒಂಬತ್ತು ಅಣ್ಣ ಗೆದ್ದಿದ್ದ, ಎರಡು ಡ್ರಾ. ಹನ್ನೆರಡನೆಯದೇ ಕೊನೆಯದು.

ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ಆರನೇ ಸುತ್ತು. ಮೂವತ್ತೊಂದನೆಯ ನಡೆಯಲ್ಲಿ ವೈನಿ ತಮ್ಮ ಬಿಳಿ ಒಂಟೆಯಿಂದ ಅಣ್ಣನ ಕುದುರೆಯನ್ನು ಹೊಡೆದು ಗಡಿಯಾರ ಒತ್ತಿದರು. ಅಣ್ಣ ಪಕ್ಕದ ಪ್ಯಾದೆಯಿಂದ ಆ ಒಂಟೆಯನ್ನು ಹೊಡೆಯಬೇಕು. ಆಟ ಕಲಿತು ತಿಂಗಳಾದವರಿಗೂ ಕಾಣುವ ನಡೆ. ಅಣ್ಣನ ಗಡಿಯಾರದಲ್ಲಿ ಆಗ ನಲವತ್ತೊಂದು ನಿಮಿಷ ಉಳಿದಿತ್ತು. ಅವನು ಯಾವಾಗಲೂ ಮಾಡುವಂತೆ ಎರಡೂ ಮೊಣಕೈ ಮೇಜಿನ ಮೇಲೂರಿ, ಅಂಗೈಗಳಲ್ಲಿ ಗದ್ದ ಇಟ್ಟು, ಹಲಗೆಯನ್ನೇ ನೋಡುತ್ತ ಕೂತ. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. ಆಚೀಚೆ ಆಟ ಮುಗಿಸಿದವರು ಬಂದು ಹಿಂದೆ ನಿಂತರು. ಇಷ್ಟು ಸರಳ ನಡೆಗೆ ಇಷ್ಟು ಯೋಚನೆಯೆಂದರೆ ಗುರುಪಾದ ಏನೋ ದೊಡ್ಡದನ್ನು ಕಂಡಿದ್ದಾನೆ ಎಂದು ಒಬ್ಬರಿಗೊಬ್ಬರು ಹುಬ್ಬು ಹಾರಿಸಿದರು. ತೀರ್ಪುಗಾರ ಬ್ಯಾಹಟ್ಟಿ ಸರ್ ನಾಲ್ಕು ಸಲ ಆ ಮೇಜಿನ ಪಕ್ಕ ಹಾದುಹೋದರು. ಅವರ ಬೂಟು ಕಿರುಗುಟ್ಟುತ್ತಿತ್ತೆಂದು ಕೊನೆಯ ಸಲ ತುದಿಗಾಲಲ್ಲಿ ನಡೆದರು.

ನಡೆ ಯಾರದೋ ಅವರನ್ನು ಯಾರೂ ಮಾತಾಡಿಸುವಂತಿಲ್ಲ. ಎದುರಾಳಿಯಂತೂ ಮಾತಾಡಿಸುವಂತೆಯೇ ಇಲ್ಲ.

ಗಡಿಯಾರ ಸೊನ್ನೆಗೆ ಬಂದ ಮೇಲೆ ಬ್ಯಾಹಟ್ಟಿ ಸರ್ ಭುಜ ಮುಟ್ಟಿದರು. ಅಣ್ಣ ಕೂತ ಭಂಗಿಯಲ್ಲೇ ಎಡಕ್ಕೆ ವಾಲಿದ.

ಆಸ್ಪತ್ರೆಯಲ್ಲಿ, ಮಿದುಳಿನಲ್ಲಿ ರಕ್ತಸ್ರಾವ ಎಂದರು. ಮೂರನೆಯ ದಿನ ಮಧ್ಯಾಹ್ನ ಹೋದ. ಸ್ವಲ್ಪ ಮೊದಲೇ ತಂದಿದ್ದರೆ ಎಂದು ಹೇಳಹೊರಟ ಡಾಕ್ಟರು ವೈನಿಯ ಮುಖ ನೋಡಿ ಮಾತು ನಿಲ್ಲಿಸಿ, ಕೇಸ್ ಪೇಪರ್ ಎಲ್ಲಿ ಎಂದು ನರ್ಸನ್ನು ಕೇಳಿದರು. ಆ ತಿಂಗಳ ರೇಟಿಂಗ್ ಪಟ್ಟಿಯಲ್ಲಿ ವೈನಿಯ ಹೆಸರಿನ ಮುಂದೆ ಹದಿಮೂರು ಅಂಕ ಏರಿತ್ತು. ಗಡಿಯಾರ ಮುಗಿದಿತ್ತು, ಆಟ ಅವರು ಗೆದ್ದಿದ್ದರು.

ಆ ಮೇಲೆ ಶುರುವಾದದ್ದು ಇನ್ನೊಂದು ಬಗೆಯ ಹಿಂಸೆ. ಚೆಸ್ ಮಂದಿ ಅಣ್ಣನ ಕೊನೆಯ ಯೋಚನೆ ಏನಿದ್ದಿರಬಹುದೆಂದು ಹುಡುಕತೊಡಗಿದರು. ಒಬ್ಬರಂತೂ ರಾಣಿಯನ್ನೇ ಬಲಿಕೊಡುವ ಹನ್ನೊಂದು ನಡೆಗಳ ದಾರಿ ಕಂಡುಹಿಡಿದು, ಗುರುಪಾದ ನೋಡುತ್ತಿದ್ದದ್ದು ಇದನ್ನೇ ಎಂದು ಲೇಖನ ಬರೆದು ವೈನಿಗೆ ಕಳಿಸಿದರು. ವೈನಿ ಬೆಳಗಿನ ಚಹಾ ಆರಲು ಬಿಟ್ಟು ನಡುಮನೆಯ ಹಲಗೆಯ ಮೇಲೆ ಅದನ್ನು ಆಡಿ ನೋಡಿದರು. ಏಳನೇ ನಡೆಗೆ ಆನೆ ಪಕ್ಕಕ್ಕೆ ಸರಿದರೆ ಇಡೀ ದಾರಿ ಕುಸಿಯುತ್ತಿತ್ತು.

"ನಿಮ್ಮಣ್ಣ ಇಂಥಾ ದಡ್ಡತನ ಮಾಡಾಂವಲ್ಲ," ಎಂದಷ್ಟೇ ಹೇಳಿ ಕಾಯಿಗಳನ್ನು ಮತ್ತೆ ಆ ಮೂವತ್ತೊಂದನೆಯ ನಡೆಗೇ ತಂದಿಟ್ಟರು. ಹತ್ತು ತಿಂಗಳು ಅದು ಹಾಗೇ ಇತ್ತು. ಅವರು ಎಲ್ಲೂ ಆಡಲು ಹೋಗಲಿಲ್ಲ.

ನಾನು ಕೆಲಸ ಮಾಡುವುದು ಧಾರವಾಡದ ಒಂದು ಪ್ರಯೋಗಾಲಯದಲ್ಲಿ. ಪಟ್ಟಿಗಳು ವರ್ಷಗಟ್ಟಲೆ ಬರೆದಿಟ್ಟ ಅಲೆಗಳಿಂದ ಒಬ್ಬ ಆಟಗಾರನ 'ನೆರಳು' ತಯಾರಿಸುವುದು ನಮ್ಮ ಕೆಲಸ. ನೆರಳು ಎಂದರೆ ಪ್ರೋಗ್ರಾಮು, ಬೇರೇನೂ ಅಲ್ಲ. ಆ ಮನುಷ್ಯ ಆಡಿದ ನೂರಾರು ಆಟಗಳನ್ನೂ ಒಂದೊಂದು ನಡೆಯ ಹಿಂದಿದ್ದ ಅಲೆಗಳನ್ನೂ ಕಲಿತು, ಹೊಸ ಸ್ಥಿತಿಯೊಂದನ್ನು ಕೊಟ್ಟಾಗ ಅವನು ಏನು ಆಡುತ್ತಿದ್ದನೋ ಅದನ್ನು ಆಡುತ್ತದೆ. ಎಷ್ಟು ಹೊತ್ತು ಯೋಚಿಸುತ್ತಿದ್ದನೋ ಅಷ್ಟೇ ಹೊತ್ತು ಸುಮ್ಮನಿರುತ್ತದೆ. ನಡೆ ಹೇಳುವುದಕ್ಕಿಂತ ಆ ಸುಮ್ಮನಿರುವುದನ್ನು ಕಲಿಸುವುದೇ ನಮಗೆ ಕಷ್ಟವಾಗಿತ್ತು. ಮೊದಲು ಇದು ತರಬೇತಿಗೆ ಮಾತ್ರ ಇತ್ತು. ಆಮೇಲೆ ಚೆಸ್ ಸಂಸ್ಥೆ ಒಂದು ನಿಯಮ ಸೇರಿಸಿತು: ಆಟದ ನಡುವೆ ಕುಸಿದ ಆಟಗಾರ ತೀರಿಕೊಂಡರೆ, ಮನೆಯವರ ಒಪ್ಪಿಗೆಯಿದ್ದು ಎದುರಾಳಿ ಕೋರಿದರೆ, ವರ್ಷದೊಳಗೆ ಅವನ ನೆರಳಿನೊಂದಿಗೆ ಆ ಆಟವನ್ನು ಮುಗಿಸಬಹುದು. ಅದೇ ಸ್ಥಿತಿಯಿಂದ, ಗಡಿಯಾರದಲ್ಲಿದ್ದ ಅದೇ ಸಮಯದಿಂದ.

ಮನೆಯವರೂ ವೈನಿಯೇ, ಎದುರಾಳಿಯೂ ವೈನಿಯೇ. ಅರ್ಜಿಯ ಎರಡೂ ಜಾಗದಲ್ಲಿ ಒಂದೇ ಸಹಿ ಹಾಕಿ ಕಳಿಸಿದರು. ಗಂಡನ ಸಮಯ ಮುಗಿದು ಬಂದ ಗೆಲುವು ತನಗೆ ಬೇಡ ಎಂದು ಕಾರಣ ಬರೆದಿದ್ದರು.

ನೆರಳು ಮಾಡಬೇಕಾದರೆ ಎಲ್ಲ ಕಡತಗಳನ್ನೂ ತೆರೆಯಬೇಕು. ಕೊನೆಯದನ್ನು ನಾನು ಒಂದು ಸೋಮವಾರ ಬೆಳಿಗ್ಗೆ ತೆರೆದೆ. ಪಕ್ಕದಲ್ಲಿ ಮೆಹಜಬೀನ್ ಇದ್ದರು. ಗದಗಿನವರು, ಮಿದುಳಿನ ಅಲೆ ಓದುವುದರಲ್ಲಿ ನಮ್ಮೆಲ್ಲರಿಗಿಂತ ಪಳಗಿದವರು.

ಮೊದಲ ನಾಲ್ಕು ನಿಮಿಷ ಎಲ್ಲ ಸರಿಯಾಗಿತ್ತು. ಅಣ್ಣ ಯೋಚಿಸಿದ್ದ, ತೀರ್ಮಾನ ಮಾಡಿದ್ದ. ನಾಲ್ಕನೇ ನಿಮಿಷದ ಕೊನೆಗೆ ಬಲಗೈ ಎತ್ತಬೇಕೆಂಬ ಸಂಕೇತ ಎದ್ದಿತ್ತು. ನಡೆಯಾಡುವ ಮುಂಚೆ ಪ್ರತಿ ಸಲವೂ ಏಳುವ, ನನಗೆ ಅವನ ನಡಿಗೆಯಷ್ಟೇ ಪರಿಚಯವಾಗಿದ್ದ ಆ ಸಣ್ಣ ಏರು. ಕೈ ಏಳಲಿಲ್ಲ. ಸಂಕೇತ ಮತ್ತೆ ಎದ್ದಿತು. ಮತ್ತೆ. ಒಟ್ಟು ಒಂಬತ್ತು ಸಲ. ಆಮೇಲೆ ಅಲೆಗಳು ನಿಧಾನಕ್ಕೆ ಚಪ್ಪಟೆಯಾಗುತ್ತ ಹೋಗಿದ್ದವು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮೆಹಜಬೀನ್ ಪರದೆಯ ಕೆಳಗಿನ ಒಂದು ಗೆರೆಯನ್ನು ತೋರಿಸಿದರು. ಅದು ಕಿವಿಗೆ ಬಿದ್ದ ಶಬ್ದಕ್ಕೆ ಮಿದುಳು ಮಿಡಿಯುವ ಗೆರೆ. ಕಳ್ಳಾಟದ ಭಯಕ್ಕೆ ಸಭಾಂಗಣದ ಶಬ್ದವನ್ನೂ ಧ್ವನಿಮುದ್ರಿಸಿರುತ್ತಾರೆ. ಎರಡನ್ನೂ ಜೋಡಿಸಿ ನೋಡಿದೆವು. ಎಲ್ಲೋ ಕುರ್ಚಿ ಎಳೆದರೆ ಗೆರೆ ಸ್ವಲ್ಪ ಅಲುಗುತ್ತಿತ್ತು. ಪಕ್ಕದ ಮೇಜಿನ ಗಡಿಯಾರ ಒತ್ತಿದರೆ ಅಲುಗುತ್ತಿತ್ತು. ಹನ್ನೊಂದನೇ ನಿಮಿಷಕ್ಕೆ ವೈನಿ ಕೆಮ್ಮಿದ್ದರು. ಆಗ ಎದ್ದದ್ದು ಬೇರೆಯೇ ಅಲೆ, ಗುರುತಿರುವ ದನಿಗೆ ಮಾತ್ರ ಏಳುವಂಥದು. ಹತ್ತೊಂಬತ್ತನೇ ನಿಮಿಷಕ್ಕೆ ಮತ್ತೆ ಕೆಮ್ಮಿದ್ದರು. ಆಗಲೂ ಎದ್ದಿತ್ತು. ಇಪ್ಪತ್ತೆರಡರ ನಂತರ ಯಾವ ಶಬ್ದಕ್ಕೂ ಏನೂ ಏಳಲಿಲ್ಲ.

ಮೆಹಜಬೀನ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಇದನ್ನು ವರದಿಯಲ್ಲಿ ಬರೆಯಲೇಬೇಕೆಂದಿಲ್ಲ, ನೆರಳಿಗೆ ಇದರ ಅಗತ್ಯವಿಲ್ಲ ಎಂದರು. ನಾನು ಕಡತ ಮುಚ್ಚಿದೆ.

ಅದೇ ವಾರ ವೈನಿ ನನ್ನನ್ನು ಊಟಕ್ಕೆ ಕರೆದಿದ್ದರು. ರೊಟ್ಟಿ ಬಡಿಯುತ್ತ, ನನ್ನ ಕಡೆ ತಿರುಗದೆ, ಕಡತ ತೆರೆದೆಯಾ ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. ಹಂಚಿನ ಮೇಲೆ ರೊಟ್ಟಿ ತಿರುವಿ ಹಾಕಿ ಅವರು ಹೇಳಿದರು:

"ನನಗ ಆ ಹದಿಮೂರು ಅಂಕದ ಚಿಂತಿ ಇಲ್ಲೋ ಚನ್ನು. ಅರ್ಜಿ ಒಳಗ ಏನರೆ ಬರೀಬೇಕಲ್ಲ, ಬರದೆ. ನನಗ ಗೊತ್ತಾಗಬೇಕಾಗಿದ್ದು ಒಂದ. ನಾ ಬಾಯಿ ಬಿಟ್ಟು ಕರದಿದ್ರ ಅವರಿಗೆ ಕೇಳಸ್ತಿತ್ತೋ ಇಲ್ಲೋ."

ಬೆಂದ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದರು.

"ಕೊನೀತನಕ ವಿಚಾರ ಮಾಡಕೋತನ ಇದ್ರು ಅಂದ್ರ, ನಾ ಸುಮ್ನಿದ್ದದ್ದು ತಪ್ಪಲ್ಲ. ಆಟದಾಗ ಹಂಗ ಇರಬೇಕು. ಅಷ್ಟು ತಿಳದ್ರ ಸಾಕು ನನಗ."

ಧಾರವಾಡಕ್ಕೆ ವಾಪಸು ಹೋಗುವ ಬಸ್ಸಿನಲ್ಲೇ ನಾನು ನಿರ್ಧಾರ ಮಾಡಿಬಿಟ್ಟಿದ್ದೆ.

ನೆರಳು ಸಿದ್ಧವಾದಾಗ ಆ ಸ್ಥಿತಿಯನ್ನು ನಲವತ್ತು ಸಲ ಕೊಟ್ಟು ನೋಡಿದೆವು. ನಲವತ್ತು ಸಲವೂ ಅದು ಮೂರರಿಂದ ಐದು ನಿಮಿಷದೊಳಗೆ ಪ್ಯಾದೆಯಿಂದ ಒಂಟೆಯನ್ನು ಹೊಡೆಯಿತು. ಇದನ್ನು ವೈನಿ ನೋಡಿದರೆ ಉಳಿದ ಮೂವತ್ತೇಳು ನಿಮಿಷ ಏನಾಗಿತ್ತೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಆ ಒಂದು ನಡೆಗೆ ಮಾತ್ರ ಕಾಯುವ ಸಮಯವನ್ನು ಮೂವತ್ತಾರು ನಿಮಿಷ ಎಂದು ಬದಲಾಯಿಸಿದೆ. ನೆರಳೂ ಅಷ್ಟು ಹೊತ್ತು ಯೋಚಿಸಿತೆಂದರೆ ಅಣ್ಣನೂ ಯೋಚಿಸುತ್ತಲೇ ಇದ್ದನೆಂದು ಅವರು ನಂಬಲಿ ಎಂದುಕೊಂಡೆ. ಮೆಹಜಬೀನ್ ಒಪ್ಪಲಿಲ್ಲ. ನಿಮ್ಮ ವೈನಿ ಆಟಗಾರ್ತಿ, ಅವರ ಮುಂದೆ ಸುಳ್ಳು ನಿಲ್ಲುವುದಿಲ್ಲ ಎಂದರು. ಸಮಾಧಾನ ಸಿಗುತ್ತದಲ್ಲ ಎಂದು ನಾನು ವಾದಿಸಿದೆ. ಅವರು ವರದಿಯ ಹಾಳೆಯ ಮೇಲೆ ತಮ್ಮ ಹೆಸರು ಬರೆಯಲಿಲ್ಲ.

ಆಟ ಅದೇ ಕಲ್ಯಾಣ ಮಂಟಪದಲ್ಲಿ ಏರ್ಪಾಡಾಯಿತು, ಬೆಳಿಗ್ಗೆ ಹನ್ನೊಂದಕ್ಕೆ. ಅಣ್ಣ ಕೂತಿದ್ದ ಕಡೆ ಖಾಲಿ ಕುರ್ಚಿ. ಕಾಯಿಗಳು ಹಲಗೆಯ ಕೆಳಗಿನ ಅಯಸ್ಕಾಂತದಿಂದ ತಾವೇ ಸರಿಯುವಂಥವು. ನಾನು ಮೇಲಿನ ಬಾಲ್ಕನಿಯಲ್ಲಿ ಕಂಪ್ಯೂಟರಿನ ಮುಂದೆ ಕೂತೆ. ಯಂತ್ರ ಕೈಕೊಟ್ಟರೆ ನಡೆಯನ್ನು ತಕ್ಷಣ ಬಿಡುಗಡೆ ಮಾಡಲು ಒಂದು ಗುಂಡಿ ನನ್ನ ಕೈಯ ಹತ್ತಿರ ಇತ್ತು, ನಿಯಮದಂತೆ. ನೋಡಲು ಯಾರನ್ನೂ ಬಿಟ್ಟಿರಲಿಲ್ಲ. ಬ್ಯಾಹಟ್ಟಿ ಸರ್ ಈ ಸಲ ಚಪ್ಪಲಿ ಹಾಕಿಕೊಂಡು ಬಂದಿದ್ದರು. ವೈನಿಗೆ ನಮಸ್ಕಾರ ಮಾಡಿ, ನಲವತ್ತೊಂದು ನಿಮಿಷ ತುಂಬಿ ಗಡಿಯಾರ ಶುರು ಮಾಡಿದರು.

ಒಂದು ನಿಮಿಷ. ಎರಡು. ವೈನಿ ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದರು. ಮೇಲಿನಿಂದ ನನಗೆ ಅವರ ಬೈತಲೆ ಮತ್ತು ಮಡಿಲಲ್ಲಿದ್ದ ಬೆರಳುಗಳು ಕಾಣುತ್ತಿದ್ದವು. ನಾಲ್ಕು ನಿಮಿಷ ದಾಟಿತು. ಬೆರಳುಗಳು ಒಂದನ್ನೊಂದು ಹಿಂಡತೊಡಗಿದವು. ಐದು. ಆಗ ನನಗೆ ನಾನು ಮಾಡಿದ್ದು ಏನೆಂದು ಹೊಳೆಯಿತು. ಅವರಿಗೆ ಸಮಾಧಾನ ಕೊಡಲೆಂದು ನಾನು ಆ ನಲವತ್ತೊಂದು ನಿಮಿಷಗಳನ್ನೇ ಮತ್ತೆ ತಂದು ಎದುರಿಗಿಟ್ಟಿದ್ದೆ. ಅದೇ ಸಭಾಂಗಣ, ಅದೇ ಒಂಟೆ, ಎದುರಿಗೆ ಅದೇ ಮೌನ. ಇನ್ನೂ ಮೂವತ್ತು ನಿಮಿಷ ಅದನ್ನು ಅವರು ಕೂತು ನೋಡಬೇಕಿತ್ತು.

ಆರನೇ ನಿಮಿಷಕ್ಕೆ ವೈನಿ ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಬಿತ್ತು. ಹಲಗೆಯ ಮೇಲೆ ಬಾಗಿ, ಖಾಲಿ ಕುರ್ಚಿಯ ಕಡೆ ಕೈ ಚಾಚಿ ಅವರು ಕರೆದರು.

"ರೀ... ಏನಾತ್ರೀ? ರೀ, ಇಲ್ಲಿ ನೋಡ್ರಿ."

ಬ್ಯಾಹಟ್ಟಿ ಸರ್ ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಟ್ಟರು. ನನ್ನ ಕೈ ತಾನಾಗಿಯೇ ಗುಂಡಿ ಒತ್ತಿತು. ಆ ಮೌನ ಒಮ್ಮೆ ಮುಗಿದರೆ ಸಾಕು ಎನ್ನುವುದಷ್ಟೇ ನನಗಿತ್ತು. ಪ್ಯಾದೆ ಓರೆಯಾಗಿ ಸರಿದು ಒಂಟೆಯ ಜಾಗದಲ್ಲಿ ನಿಂತಿತು.

ವೈನಿ ಅದನ್ನು ನೋಡಿದರು. ಕುರ್ಚಿ ಎತ್ತಿಟ್ಟು ಕೂತರು. ಹಾಳೆಯ ಮೇಲೆ ಆ ನಡೆಯನ್ನು ಬರೆದುಕೊಂಡರು. ಆಟ ಅವರಿಗೆ ಅನುಕೂಲವಾಗಿಯೇ ಇತ್ತು. ಆದರೂ ಗಡಿಯಾರ ನಿಲ್ಲಿಸಿ, ಸೋತೆ ಎಂದು ಬ್ಯಾಹಟ್ಟಿ ಸರ್‌ಗೆ ಹೇಳಿ ಸಹಿ ಹಾಕಿದರು.

ನಾನು ಮೆಟ್ಟಿಲು ಇಳಿದು ಬರುವಷ್ಟರಲ್ಲಿ ಅವರು ಹಿಂಬದಿಯ ಊಟದ ಕೋಣೆಗೆ ಹೋಗಿದ್ದರು. ಮಡಚಿ ಒಟ್ಟಿದ್ದ ಮೇಜುಗಳ ಪಕ್ಕ ಒಬ್ಬರೇ ನಿಂತಿದ್ದರು. ಅಳುತ್ತಿದ್ದರು, ಆದರೆ ಮುಖದಲ್ಲಿ ಹತ್ತು ತಿಂಗಳಿಂದ ನಾನು ಕಾಣದ ಒಂದು ಬೆಳಕೂ ಇತ್ತು.

"ಕರದೆ ನೋಡು," ಎಂದರು. "ಒಂದ ಸಲ ಕರದೆ. ಓ ಅಂದ್ರು."

ಇದನ್ನು ಹೀಗೇ ಬಿಟ್ಟರೆ ಇವತ್ತು ಸಂಜೆಯ ಹೊತ್ತಿಗೆ ಈ ಬೆಳಕು ಹೋಗಿ, ಆ ದಿನವೂ ಕರೆದಿದ್ದರೆ ಓ ಅನ್ನುತ್ತಿದ್ದರು, ತಾನೇ ಕರೆಯಲಿಲ್ಲ ಎಂಬುದು ಮಾತ್ರ ಉಳಿಯುತ್ತದೆ. ನಿಜ ಹೇಳಿದರೂ ಕಷ್ಟವೇ. ಗುಂಡಿ ಒತ್ತಿದ್ದು ನಾನು ಎಂದೆ. ಕಾಯುವ ಸಮಯವನ್ನು ಹೆಚ್ಚು ಮಾಡಿದ್ದೂ ನಾನೇ ಎಂದೆ. ನೆರಳನ್ನು ಅದರ ಪಾಡಿಗೆ ಬಿಟ್ಟಿದ್ದರೆ ನಾಲ್ಕು ನಿಮಿಷಕ್ಕೆ ಆಡುತ್ತಿತ್ತು ಎಂದೂ ಹೇಳಿದೆ.

ಅವರು ನನ್ನನ್ನು ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮೇಜಿನ ಅಂಚಿಗೆ ಒರಗಿದರು.

"ನಾಕ ನಿಮಿಷನೂ ಭಾಳಾತು," ಎಂದರು. "ಒಂದ ನಡಿ ಇತ್ತಲ್ಲೋ ಅಲ್ಲಿ. ಅವತ್ತ ನನಗ ಗೊತ್ತಿತ್ತು. ಹತ್ತು ನಿಮಿಷ ಆದಾಗನ, ಇದೇನೋ ಹಂಗಲ್ಲ ಅನ್ನಿಸಿತ್ತು. ಎರಡ ಸಲ ಬೇಕಂತನ ಕೆಮ್ಮಿದೆ. ಮಾರಿ ಎತ್ತಿ ನೋಡತಾರೇನು ಅಂತ. ನೋಡಲಿಲ್ಲ." ತಗ್ಗಿದ ದನಿಯಲ್ಲಿ ಮುಂದುವರಿಸಿದರು. "ಆಮ್ಯಾಲೆ ಗಡಿಯಾರ ನೋಡಿದೆ. ಅವರ ಹೊತ್ತು ಹೊಂಟಿತ್ತು. ಹನ್ನೊಂದು ಸಲ ಆಡೇನಿ, ಒಂದೂ ಗೆದ್ದಿಲ್ಲ. ಹೋಗಲಿ ಬಿಡು ಅಂತ ಸುಮ್ನ ಕುಂತೆ. ಗಡಿಯಾರ ನೋಡಕೋತ ಕುಂತೆ."

ಹೊರಗೆ ಬ್ಯಾಹಟ್ಟಿ ಸರ್ ಯಾರೊಂದಿಗೋ ಫೋನಿನಲ್ಲಿ ಫಲಿತಾಂಶ ಹೇಳುತ್ತಿದ್ದರು, ಕಪ್ಪಿಗೆ ಗೆಲುವು ಎಂದು.

ವೈನಿ ತಲೆ ಎತ್ತಿ ನನ್ನ ಮುಖವನ್ನೇ ನೋಡಿದರು. ಹಲಗೆಯ ಮುಂದೆ ಕೂತಾಗ ಎದುರಿನವರನ್ನು ಅವರು ನೋಡುತ್ತಿದ್ದ ಹಾಗೆ.

"ಕಡತ ನೋಡಿರತಿ ನೀ. ಕೆಮ್ಮಿದ್ದು ಅವರಿಗೆ ಕೇಳಿಸಿತ್ತೇನು?"

ಹನ್ನೊಂದನೇ ನಿಮಿಷದ ಆ ಅಲೆ ನನ್ನ ಕಣ್ಣಮುಂದೆ ಎದ್ದಿತು. ಅದರ ಎತ್ತರ, ಅದು ಇಳಿಯಲು ತೆಗೆದುಕೊಂಡ ಹೊತ್ತು, ಎಲ್ಲ ನನಗೆ ಬಾಯಿಪಾಠವಾಗಿತ್ತು. ಹತ್ತೊಂಬತ್ತನೆಯದು ಇನ್ನೂ ಸ್ವಲ್ಪ ಸಣ್ಣದು. ಹೇಳಬೇಕಾದದ್ದು ಒಂದೇ ಶಬ್ದ, ಅದನ್ನು ನಾನು ತಿಂಗಳಿಂದ ಸಿದ್ಧಮಾಡಿಟ್ಟುಕೊಂಡಿದ್ದೆ. ಅದು ಬಾಯಿಗೆ ಬರುವಷ್ಟರಲ್ಲಿ ಹೊರಗೆ ಬ್ಯಾಹಟ್ಟಿ ಸರ್ ಫೋನು ಮುಗಿಸಿದ್ದರು.

"ಇಲ್ರೀ ವೈನಿ," ಎಂದೆ. "ಕೇಳಿಸಿರಲಿಲ್ಲ."

ಅವರು ತಲೆಯಾಡಿಸಿದರು. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋಗಿ, ಅಲ್ಲಿ ನಿಂತರು. ತಿರುಗಿ ನೋಡಲಿಲ್ಲ.

"ಅಷ್ಟು ಹೇಳಾಕ ಭಾಳ ಹೊತ್ತು ತಗೊಂಡಿ, ಚನ್ನು," ಎಂದರು.